ತಾಯಿ ಮನೆಗೆ ಬರುವ ಮುನ್ನ

‘ತಾಯಿಯವರು ಈಗ ಯಾರ ಹತ್ತಿರ ಇದ್ದಾರೆ?’ ಎಂದು ಬಂಧುಗಳು ಕೇಳುವುದುಂಟು. ‘ನಾನೇ ಇಟ್ಟುಕೊಂಡಿದ್ದೇನೆ’ ಎಂದು ಮಗನು ಉತ್ತರಿಸುವುದೂ ಉಂಟು. ಆ ಉತ್ತರದಲ್ಲಿ ತುಸು ಹೆಮ್ಮೆಯೂ ಬೆರೆತಿರುತ್ತದೆ. ಕನ್ನಡ ಪಾಠ ಹೇಳುವವರ ಕಣ್ಣು ಮೊದಲು ಕ್ರಿಯಾಪದದ ಮೇಲೆ ಬೀಳುವುದು ಸಹಜ. ಇಲ್ಲಿ ಕರ್ತೃ ಮಗ. ತಾಯಿ ಬರಿಯ ಕರ್ಮಪದ. ಹಣವನ್ನು ಇಟ್ಟುಕೊಳ್ಳುತ್ತೇವೆ, ಒಡವೆಯನ್ನು ಒತ್ತೆ ಇಟ್ಟುಕೊಳ್ಳುತ್ತೇವೆ. ಹೆತ್ತವಳನ್ನು ಕುರಿತು ಅದೇ ಮಾತನ್ನಾಡುವಾಗಲೂ ನಮ್ಮ ನಾಲಗೆ ತಡವರಿಸುವುದಿಲ್ಲ. ಈ ವಾಕ್ಯದ ದೋಷವನ್ನು ನನಗೆ ತಿಳಿಸಿದುದು ವ್ಯಾಕರಣವಲ್ಲ. ಕಳೆದ ವರ್ಷ ಮುದಗಲ್ಲಿನಿಂದ ರಾಯಚೂರಿನ ನಮ್ಮ ಮನೆಗೆ ಅವ್ವನನ್ನು ಕರೆತರಲು ಹೋದಾಗ ಅವಳೇ ತಿಳಿಸಿದಳು.

ತಂದೆಯವರು ತೀರಿಕೊಂಡ ಮೇಲೆ ಎಂಟು ವರ್ಷಗಳ ಕಾಲ ಅವ್ವ ಕೋಟೆಯ ಮಗ್ಗುಲ ಓಣಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಮಳೆಗಾಲದ ಒಂದು ಬೆಳಗಿನಲ್ಲಿ ಬಚ್ಚಲಲ್ಲಿ ಜಾರಿಬಿದ್ದಳು. ಎಲುಬೇನೂ ಮುರಿಯಲಿಲ್ಲ, ಆದರೆ ನೆರೆಯವರು ಬಂದು ಎಬ್ಬಿಸುವವರೆಗೆ ಅರ್ಧ ತಾಸು ಒದ್ದೆ ನೆಲದ ಮೇಲೆಯೇ ಬಿದ್ದಿದ್ದಳೆಂದು ಕೇಳಿದಾಗ ನನ್ನ ಎದೆ ಝಲ್ಲೆಂದಿತು. ಇನ್ನು ಅವಳನ್ನು ಅಲ್ಲಿ ಬಿಡುವುದು ತರವಲ್ಲವೆಂದು ಅಂದೇ ತೀರ್ಮಾನಿಸಿದೆ.

ತೀರ್ಮಾನದ ಬೆನ್ನಿಗೆ ಸಿದ್ಧತೆ ಆರಂಭವಾಯಿತು. ಮನೆಯನ್ನು ಮುದುಕಿಯೊಬ್ಬಳ ಕಣ್ಣಿನಿಂದ, ಕಾಲಿನಿಂದ ನೋಡತೊಡಗಿದಾಗ, ನಾವು ಮನೆಗಳನ್ನು ಯೌವನಕ್ಕಾಗಿಯೇ ಕಟ್ಟುತ್ತೇವೆಂಬುದು ಮನದಟ್ಟಾಯಿತು. ಬಚ್ಚಲಿನ ನುಣುಪು ಟೈಲ್ಸುಗಳು ಒದ್ದೆಯಾದರೆ ಗಾಜಿಗೆ ಸಮ. ಅವನ್ನು ತೆಗೆಸಿ ಒರಟು ಕಲ್ಲು ಹಾಸಿಸಿದೆ. ಹಿಡಿದು ನಿಲ್ಲಲು ಗೋಡೆಗೆ ಕಂಬಿ ಬಂತು. ಕುಕ್ಕರಗಾಲಲ್ಲಿ ಕುಳಿತು ಏಳಲಾರದ ಮೊಣಕಾಲಿಗಾಗಿ ಕಮೋಡು ಬಂತು. ಕುಳಿತಾಗ ಪಾದಗಳೆರಡೂ ನೆಲಕ್ಕೆ ಊರುವಂತೆ ಮಂಚದ ಕಾಲುಗಳನ್ನು ಕತ್ತರಿಸಿದೆ. ರಾತ್ರಿ ಎದ್ದವಳು ತಡಕಾಡದಂತೆ ಮಂಚದಿಂದ ಬಚ್ಚಲವರೆಗೆ ಮಂದವಾದ ದೀಪವಿಟ್ಟೆ. ಪೊರೆ ಬಂದ ಕಣ್ಣಿಗೆ ಕಾಣಲೆಂದು ಹೊಸ್ತಿಲಂಚಿಗೆ ಬಿಳಿಯ ಬಣ್ಣ ಬಳಿದೆ. ಮುಪ್ಪಿನಲ್ಲಿ ತೊಡೆಯ ಮೂಳೆ ಮುರಿದರೆ ನಡೆದಾಡುತ್ತಿದ್ದವರು ಹಾಸಿಗೆ ಹಿಡಿಯಬಹುದು. ಆದುದರಿಂದ ಇವು ಯಾವುವೂ ಅನವಶ್ಯಕವಲ್ಲ. ವಯಸ್ಸಾದವರಿರುವ ಪ್ರತಿಯೊಂದು ಮನೆಯಲ್ಲಿಯೂ ಇರತಕ್ಕವು.

ಇಷ್ಟನ್ನೂ ಮುಗಿಸಿ, ಸಾಕಷ್ಟು ಹಿಗ್ಗಿನಿಂದಲೇ ಮುದಗಲ್ಲಿಗೆ ಹೋಗಿ ಅವ್ವನ ಮುಂದೆ ವರ್ಣಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದಳು. ಬಳಿಕ, “ಮನಿಗೆ ಕೀಲಿ ಹಾಕೋದು ಅಂದ್ರ ಎಷ್ಟು ದಿನಕ್ಕಪ್ಪ?” ಎಂದಳು. ನಾನು ಸುಮ್ಮನಾದೆ. “ಅಲ್ಲಿ ನನಗ ಏನು ಕೆಲಸ ಐತಿ?” ಎಂದಳು. “ನೀನು ಆರಾಮಾಗಿ ಕೂಡಬೇಕವ್ವ” ಎಂದೆ. “ಕುಂತು ಕುಂತು ಏನನ್ನ ಕಾಯಲಿ?” ಎಂದಳು. ಇದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಮೂರನೆಯ ಪ್ರಶ್ನೆ ಬಂತು: “ಅಲಾಯಿ ಹಬ್ಬಕ್ಕ ಯಾರು ಕರಕೊಂಡು ಬರ್ತೀರಿ?”

ಮುದಗಲ್ಲಿನ ಮೊಹರಮ್ ಸುತ್ತಲ ಸೀಮೆಯಲ್ಲೆಲ್ಲ ಹೆಸರಾದುದು. ಹುಸೇನಿ ಆಲಂ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹರಕೆ ಒಪ್ಪಿಸುತ್ತಾರೆ. ನಾನು ಹಸುಗೂಸಾಗಿದ್ದಾಗ ಜ್ವರ ಬಂದು ಉಳಿಯುವ ಭರವಸೆ ಇರಲಿಲ್ಲವಂತೆ. ಆಗ ಹೊತ್ತ ಹರಕೆಯಂತೆ ಅವ್ವ ಪ್ರತಿ ವರ್ಷವೂ ಅಲ್ಲಿ ಸಕ್ಕರೆ ಓದಿಸುತ್ತ ಬಂದಿದ್ದಳು. ಯಾವ ಮಗನಿಗಾಗಿ ಹರಕೆ ಹೊತ್ತಳೋ ಆ ಮಗನ ಸಿದ್ಧತೆಯ ಪಟ್ಟಿಯಲ್ಲಿ ಆ ಹರಕೆಗೇ ಸ್ಥಳವಿರಲಿಲ್ಲ.

ಆ ಸಂಜೆ ಕೋಟೆಯ ಕಂದಕದ ಬದಿಯಲ್ಲಿ ನಡೆಯುತ್ತಿರುವಾಗ ಊರಿನ ಹಳೆಯ ಕಥೆಯೊಂದು ನೆನಪಾಯಿತು. ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫೆರಿಸ್ತಾ ಅದನ್ನು ಬರೆದಿಟ್ಟಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನ ವಾರ್ತೆ ಕೇಳಿ ವಿಜಯನಗರದ ಒಂದನೆಯ ದೇವರಾಯನು ಒಡವೆಯೊಂದಿಗೆ ದೂತನನ್ನು ಕಳುಹಿಸಿದನು. ತಂದೆತಾಯಿಗಳು ಹಿಗ್ಗಿದರು, ಹುಡುಗಿ ಮಾತ್ರ ಒಲ್ಲೆನೆಂದಳು. ಆ ಅರಮನೆಯನ್ನು ಹೊಕ್ಕವಳು ತನ್ನವರನ್ನು ಮತ್ತೆ ಕಾಣುವಂತಿಲ್ಲವೆಂಬುದು ಅವಳು ಕೊಟ್ಟ ಕಾರಣ. 1406ರ ಸುಮಾರಿನಲ್ಲಿ ರಾಯನ ದಂಡು ಮುದಗಲ್ಲಿಗೆ ಬಂದಿತು. ಮೊದಲೇ ಸುದ್ದಿ ತಿಳಿಯದ ಆ ಮನೆಯವರು ಹೆದರಿ ಊರು ಬಿಟ್ಟು ಓಡಿಹೋದರು. ಮುಂದೆ ಫಿರೋಜ್ ಷಾ ಬಹಮನಿಯೊಡನೆ ಯುದ್ಧವೇ ನಡೆಯಿತು. ಇದರಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನನಗೆ ಆಗ ಕಂಡದ್ದು ಇಷ್ಟು: ಕರೆದೊಯ್ಯುವವರು ಒಡವೆಯನ್ನು ಸಿದ್ಧಪಡಿಸಿದ್ದರು, ಹೋಗಬೇಕಾದವಳ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ನಾನು ಒಡವೆಯ ಬದಲು ಕಂಬಿಯನ್ನೂ ಕಮೋಡನ್ನೂ ಒಯ್ದಿದ್ದೆ.

ನಮ್ಮ ಕಾನೂನೂ ಈ ಮಟ್ಟಿಗೆ ನನ್ನ ಹಾಗೆಯೇ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ವಿವರಿಸಿತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡಿಸಲು ನ್ಯಾಯಮಂಡಳಿಗಳನ್ನು ಏರ್ಪಡಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಬಹುದೆಂದಿತು. ಬೀದಿಪಾಲಾದ ಎಷ್ಟೋ ಹಿರಿಯರಿಗೆ ಇದು ಆಸರೆ. ಆದರೆ ಮನೆಯೊಳಗೆ ಹಿರಿಯರ ಮಾತಿಗೆ ಇರಬೇಕಾದ ಬೆಲೆಯನ್ನು ಯಾವ ನ್ಯಾಯಮಂಡಳಿ ತಾನೆ ಗೊತ್ತುಮಾಡೀತು?

ಅಂದು ಒಬ್ಬನೇ ರಾಯಚೂರಿಗೆ ಹಿಂದಿರುಗಿದೆ. ನಡೆದುದನ್ನೆಲ್ಲ ಕೇಳಿದ ಹೆಂಡತಿ ಮೆಲ್ಲನೆ, “ನೀವು ನನ್ನನ್ನೂ ಕೇಳಲಿಲ್ಲ” ಎಂದಳು. ಮಾತು ನಿಜವಾಗಿತ್ತು. ತಾಯಿಯನ್ನು ಕರೆತರುವ ಕೀರ್ತಿ ಮಗನದು; ಹಗಲಿರುಳಿನ ದುಡಿಮೆ ಬಹುಪಾಲು ಸೊಸೆಯದು. ಅಂದು ರಾತ್ರಿ ಇಬ್ಬರೂ ಕುಳಿತು ಇನ್ನೊಂದು ಸಿದ್ಧತೆಯನ್ನು ಆರಂಭಿಸಿದೆವು. ಬೆಳಗಿನ ಸ್ನಾನಕ್ಕೆ ನೀರು ಅಣಿಮಾಡುವುದು, ಮಾತ್ರೆ ಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದವು. ಮುದಗಲ್ಲಿನ ಮನೆಯನ್ನು ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ. ಅದರ ಕೀಲಿಕೈ ಅವ್ವನ ಹತ್ತಿರವೇ ಇರತಕ್ಕದ್ದು. ಅವಳ ಪಿಂಚಣಿಯ ಹಣ ಅವಳ ಕೈಗೇ ಸೇರತಕ್ಕದ್ದು. ಅಲಾಯಿ ಹಬ್ಬಕ್ಕೆ ನಾನೇ ಕರೆದೊಯ್ಯತಕ್ಕದ್ದು. ಮೊದಲು ಒಂದು ತಿಂಗಳು ಬಂದಿದ್ದು ನೋಡಲಿ. ಒಗ್ಗದಿದ್ದರೆ ಹಿಂದಿರುಗಲಿ, ಆಗ ಅಲ್ಲಿನ ಬಚ್ಚಲನ್ನೇ ಸರಿಪಡಿಸೋಣವೆಂದು ನಿಶ್ಚಯಿಸಿದೆವು. ಈ ಒಪ್ಪಂದದೊಡನೆ ಮತ್ತೆ ಹೋದಾಗ ಅವ್ವ ತನ್ನ ಕಡೆಯಿಂದ ಒಂದು ಕಲಮನ್ನು ಸೇರಿಸಿದಳು: “ರೊಟ್ಟಿ ನಾನೇ ಬಡೀತೀನಿ.”

ಅವಳು ಬಂದಳು. ಎಲ್ಲವೂ ಸುಗಮವಾಯಿತೆಂದರೆ ಸುಳ್ಳಾದೀತು. ನಸುಕಿನ ನಾಲ್ಕಕ್ಕೆ ಕಸಬರಿಗೆಯ ಸದ್ದು, ಪಲ್ಯದ ಉಪ್ಪುಖಾರ, ಒಲೆಯ ಮುಂದಿನ ಯಜಮಾನಿಕೆ, ಇವುಗಳ ಬಗೆಗೆ ಅತ್ತೆ ಸೊಸೆಯರ ನಡುವೆ ಮುನಿಸು ಬಂದದ್ದುಂಟು, ಹೋದದ್ದೂ ಉಂಟು. ಒಂದು ತಿಂಗಳೆಂದು ಬಂದವಳು ವರ್ಷವಾದರೂ ಇದ್ದಾಳೆ. ನಡುವೆ ಎರಡು ಸಲ ಮುದಗಲ್ಲಿಗೆ ಹೋಗಿ ಮನೆಯ ಕಸ ತೆಗೆದು, ಓಣಿಯವರೊಡನೆ ಮಾತಾಡಿ, ಸಕ್ಕರೆ ಓದಿಸಿ ಬಂದೆವು.

ಮೊನ್ನೆ ಮನೆಗೆ ಬಂದ ಬಂಧುಗಳೊಬ್ಬರು, “ತಾಯಿಯವರನ್ನು ನೀವೇ ಇಟ್ಟುಕೊಂಡಿದ್ದೀರೇನು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಯಿಂದ, “ಹೌದ್ರಿ, ನಾನಽ ಇವರ ಹತ್ರ ಬಂದೀನಿ. ರೊಟ್ಟಿ ಆಗ್ಯಾವ, ಉಂಡು ಹೋಗ್ರಿ” ಎಂದಳು. ಅವಳ ಎಲೆಯಡಿಕೆಯ ಸಂಚಿಯಲ್ಲಿ ಮುದಗಲ್ಲಿನ ಕೀಲಿಕೈ ಇನ್ನೂ ಇದೆ.