ತಮಟೆ ಏಟಿಗೆ ಕುಣಿದ ಚರ್ಚ್ ಸ್ಟ್ರೀಟ್

ಶುಕ್ರವಾರ ರಾತ್ರಿ ಹತ್ತೂವರೆಗೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಹುರಿದ ಕಡಲೆಕಾಯಿ, ಸಿಗರೇಟು, ಸೆಂಟು, ಆಗಷ್ಟೇ ನಿಂತ ಮಳೆ, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತದೆ. ಮಹಡಿ ಮೇಲಿನ ಕ್ಲಬ್ಬಿನ ಬಾಗಿಲಲ್ಲಿ ಕಪ್ಪು ಅಂಗಿಯ ಬೌನ್ಸರ್, ಯುರೋಪಿನಿಂದ ಬಂದ ಹುಡುಗಿಯೊಬ್ಬಳ ಪಾಸ್‌ಪೋರ್ಟನ್ನು ಟಾರ್ಚ್ ಬೆಳಕಲ್ಲಿ ನೋಡಿ, ಅವಳ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತುತ್ತಾನೆ. ಅವಳ ಹಿಂದೆಯೇ ನಾವೂ ಒಳಗೆ ಹೋಗೋಣ, ಬನ್ನಿ.

ಮೊದಲಿಗೆ ಕಣ್ಣಿಗೇನೂ ಕಾಣದು. ಸದ್ದು ಮಾತ್ರ ಎದೆಗೂಡಿನೊಳಗೆ ಬಂದು ಕೂರುತ್ತದೆ. ನೀಲಿ, ಕೆಂಪು ದೀಪಗಳ ನಡುವೆ ಮುಖಗಳು ಒಂದೊಂದಾಗಿ ಮೂಡುತ್ತವೆ. ಹುಡುಗಿ ಗೋಡೆಗೊರಗಿ, ಕೈಯಲ್ಲಿ ಬಿಯರ್ ಹಿಡಿದು, ನಾಲ್ಕು ಇಂಗ್ಲಿಷ್ ಹಾಡು ಮುಗಿಯುವವರೆಗೂ ಬರೀ ನೋಡುತ್ತ ನಿಲ್ಲುತ್ತಾಳೆ. ಹನ್ನೆರಡರ ಸುಮಾರಿಗೆ ಡಿಜೆ ಇದ್ದಕ್ಕಿದ್ದಂತೆ ಕನ್ನಡ ಸಿನಿಮಾದ ತಮಟೆ ಏಟು ಹಾಕುತ್ತಾನೆ. ಇಡೀ ಹಾಲ್ 'ಹೋ' ಎನ್ನುತ್ತದೆ. ಪರಿಚಯವೇ ಇಲ್ಲದ ಇಬ್ಬರು ಹುಡುಗಿಯರು ಅವಳ ಕೈಹಿಡಿದು ಎಳೆದುಕೊಂಡು, ಭುಜ ಹೇಗೆ ಕುಣಿಸಬೇಕು, ಕಾಲು ಎಲ್ಲಿ ಎತ್ತಿಡಬೇಕು ಎಂದು ತೋರಿಸುತ್ತಾರೆ. ಎರಡೇ ನಿಮಿಷ, ಅವಳಿಗೂ ಹೆಜ್ಜೆ ಸಿಕ್ಕಿಬಿಡುತ್ತದೆ.

ಈ ಏಟಿನ ತವರು ದೂರವೇನಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳಲ್ಲಿ ಜಾತ್ರೆ, ಮೆರವಣಿಗೆ, ಸಾವು ಯಾವುದಕ್ಕೂ ತಮಟೆ ಬೇಕೇ ಬೇಕು. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮದ ಮೇಲೆ ಕಡ್ಡಿ ಬಿದ್ದರೆ ಆಚೆ ಊರಿಗೂ ಕೇಳುತ್ತದೆ. ಅದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಕ್ಲಬ್ಬಿನಲ್ಲಿ ಕೇಳಿದ್ದು ಯಂತ್ರದಲ್ಲಿ ಬೆರೆಸಿದ ಸದ್ದು, ನಿಜ. ಆದರೂ ಮೈ ಅದನ್ನು ಗುರುತು ಹಿಡಿಯುತ್ತದೆ.

ಒಂದು ಗಂಟೆಗೆ ದೀಪಗಳು ಹತ್ತಿಕೊಳ್ಳುತ್ತವೆ. ಕ್ಲಬ್ ಮುಚ್ಚಲು ಸರ್ಕಾರದ ಗಡುವು ಅದು. ಬೆವರಿದ ಮುಖಗಳು ಮೆಟ್ಟಿಲಿಳಿದು ಬೀದಿಗೆ ಬಂದು ಆಟೋಗೆ ಚೌಕಾಸಿ ಶುರು ಮಾಡುತ್ತವೆ. ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಕಡೆಯ ಟ್ಯಾಕ್ಸಿಯವನು ನಿದ್ದೆಗಣ್ಣಲ್ಲೇ ಫೋನೆತ್ತಿ, "ಇಲ್ಲೇ ಇದೀನಿ ಮೇಡಂ, ಬನ್ನಿ" ಎನ್ನುತ್ತಾನೆ.

ರಾತ್ರಿ ಇಲ್ಲಿಗೇ ಮುಗಿಯಿತು ಅಂದುಕೊಂಡವರು ಕೆ.ಆರ್. ಮಾರುಕಟ್ಟೆಗೆ ಹೋಗಬೇಕು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಮೊದಲ ಬೀದಿದೀಪಗಳು ಬೆಳಗಿದ್ದು ಆ ಆಸುಪಾಸಿನಲ್ಲೇ. ಬೆಳಕು ಹರಿಯುವ ಮೊದಲೇ ಸುಮಾರು 60 ಕಿಲೋಮೀಟರ್ ದೂರದ ಚಿಕ್ಕಬಳ್ಳಾಪುರದ ಕಡೆಯಿಂದ ಸೇವಂತಿಗೆ, ಗುಲಾಬಿ, ಚೆಂಡುಹೂವಿನ ಮೂಟೆ ಹೊತ್ತ ಟೆಂಪೊಗಳು ಬಂದು ನಿಲ್ಲುತ್ತವೆ. ಮೂಟೆ ಬಿಚ್ಚಿದೊಡನೆ ಹಸಿ ಹೂವಿನ ಘಮ, ಕೂಗಾಟ, ಬಿಸಿ ಟೀ.

ವಿದೇಶದ ಗೆಳೆಯರು ನಿಮ್ಮಲ್ಲಿಗೆ ಬಂದರೆ ಕ್ಲಬ್ಬಿಗೆ ಖಂಡಿತ ಕರೆದೊಯ್ಯಿರಿ, ಪಾಸ್‌ಪೋರ್ಟ್ ಮರೆಯದಿರಲು ಹೇಳಿ. ಒಂದು ಗಂಟೆಗೆ ಮಾತ್ರ ಅವರನ್ನು ಹೋಟೆಲಿಗೆ ಕಳಿಸಿಬಿಡಬೇಡಿ. ಹೂವಿನ ಟೆಂಪೊ ಬರುವವರೆಗೆ ಜೊತೆಗಿರಿ.