ನಿಂತು ಕಲಿಸುವವರ ನೋವು

ದುಡಿಮೆ ಎಂದೊಡನೆ ಜನರ ಕಣ್ಣಮುಂದೆ ಬರುವವರು ಹೊಲ ಉಳುವ ರೈತ, ಮೂಟೆ ಹೊರುವ ಕೂಲಿಗಾರ, ಸುತ್ತಿಗೆ ಬೀಸುವ ಕಮ್ಮಾರ. ಸೀಮೆಸುಣ್ಣ ಹಿಡಿದು ನಿಂತ ಉಪಾಧ್ಯಾಯರನ್ನು ಈ ಸಾಲಿಗೆ ಸೇರಿಸುವವರು ವಿರಳ. ಸೀಮೆಸುಣ್ಣದ ಒಂದು ತುಂಡು ಎಷ್ಟು ಭಾರವಿದ್ದೀತು? ಆದರೂ ಹಲವು ವರ್ಷ ಪಾಠ ಹೇಳಿದ ಅನೇಕರಲ್ಲಿ ಕತ್ತು, ಹೆಗಲು, ಸೊಂಟ, ಮೊಣಕಾಲುಗಳ ನೋವು ಕಂಡುಬರುತ್ತದೆ. ಭಾರ ಹೊರದವರಿಗೆ ಈ ನೋವು ಬರುವುದು ಹೇಗೆ?

ಇಂತಹ ಪ್ರಶ್ನೆಗಳನ್ನು ಬಹು ಹಿಂದೆಯೇ ಕೈಗೆತ್ತಿಕೊಂಡವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ. ಸ್ವತಃ ವೈದ್ಯಶಾಸ್ತ್ರದ ಅಧ್ಯಾಪಕನಾಗಿದ್ದ ಆತನು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ದಸ್ತಾವೇಜುಗಳನ್ನು ಬರೆಯುತ್ತಿದ್ದ ಒಬ್ಬನ ವೃತ್ತಾಂತ ಅದರ ನಂತರದ ಆವೃತ್ತಿಯಲ್ಲಿದೆ. ಎಡೆಬಿಡದೆ ಬರೆದು ಬರೆದು ಅವನ ಬಲಗೈ ಸೋತು ನಿಶ್ಶಕ್ತವಾಯಿತು. ಅವನು ಎಡಗೈಯಲ್ಲಿ ಬರೆಯಲು ಕಲಿತನು. ಕೆಲಕಾಲದಲ್ಲಿ ಅದಕ್ಕೂ ಅದೇ ಗತಿಯಾಯಿತು. ಲೇಖನಿಯ ಭಾರ ಅಲ್ಪ. ವಿರಾಮವಿಲ್ಲದ ಬಿಗಿತವೇ ಕೈಯನ್ನು ಕೆಡಿಸಿತ್ತು. ಬಹಳ ಹೊತ್ತು ನಡೆಯುವುದಕ್ಕಿಂತ ಸ್ವಲ್ಪ ಹೊತ್ತು ಅಲುಗದೆ ನಿಲ್ಲುವುದೇ ಹೆಚ್ಚು ಆಯಾಸಕರವೆಂಬುದನ್ನೂ ರಾಮಜ್ಜೀನಿ ಗುರುತಿಸಿದನು.

ಇದರ ಕಾರಣ ಇಂದು ಸ್ಪಷ್ಟವಾಗಿದೆ. ನಡೆಯುವಾಗ ಸ್ನಾಯುಗಳು ಕುಗ್ಗುತ್ತವೆ, ಮತ್ತೆ ಸಡಿಲಗೊಳ್ಳುತ್ತವೆ. ಸಡಿಲಗೊಂಡಾಗಲೆಲ್ಲ ಹೊಸ ರಕ್ತ ಹರಿದುಬಂದು ಆಮ್ಲಜನಕವನ್ನು ಒದಗಿಸುತ್ತದೆ. ಬಿಗಿದೇ ಇರುವ ಸ್ನಾಯುವಾದರೋ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಆದುದರಿಂದ ಬೇಗ ದಣಿದು ನೋಯುತ್ತದೆ. ಬರಿಗೈಯನ್ನು ತಲೆಯ ಮೇಲೆತ್ತಿ ಐದು ನಿಮಿಷ ಹಿಡಿದು ನೋಡಿದ ಯಾವ ವಿದ್ಯಾರ್ಥಿಗೂ ಈ ಮಾತು ಮನವರಿಕೆಯಾಗುತ್ತದೆ.

ಉಪಾಧ್ಯಾಯರ ದಿನಚರಿಯಲ್ಲಿ ಇಂತಹ ಬಿಗಿತ ಮೂರು ಬಗೆಯಲ್ಲಿ ಒದಗುತ್ತದೆ. ಮೊದಲನೆಯದು ಕರಿಹಲಗೆಯ ಮೇಲ್ಭಾಗದಲ್ಲಿ ಬರೆಯುವುದು. ತೋಳು ಮೇಲೆದ್ದಾಗ ಹೆಗಲಿನ ಸ್ನಾಯುವನ್ನು ಎಲುಬಿಗೆ ಸೇರಿಸುವ ನಾರು ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿ ಅದುಮಲ್ಪಡುತ್ತದೆ. ಎರಡನೆಯದು ಒಂದೇ ಕಡೆ ನಿಲ್ಲುವುದು. ಕಾಲಿಗಿಳಿದ ರಕ್ತವನ್ನು ಹೃದಯದತ್ತ ಒತ್ತಿ ಕಳುಹಿಸುವ ಕಾರ್ಯದಲ್ಲಿ ಮೀನಖಂಡದ ಸ್ನಾಯುಗಳ ಪಾತ್ರ ದೊಡ್ಡದು. ನಡಿಗೆ ನಿಂತರೆ ಆ ಕಾರ್ಯ ಕುಂದಿ ಕಾಲುಗಳು ಭಾರವಾಗುತ್ತವೆ. ಮೂರನೆಯದು ಬಗ್ಗಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವುದು. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಸೊಂಟದ ಮೇಲಿಟ್ಟ ಕೊಡಕ್ಕಿಂತ ಕೈಚಾಚಿ ಹಿಡಿದ ಕೊಡ ಹೆಚ್ಚು ಭಾರವೆನಿಸುವಂತೆ, ಮುಂದಕ್ಕೆ ಬಾಗಿದ ತಲೆ ಕತ್ತಿನ ಸ್ನಾಯುಗಳಿಗೆ ಹೊರೆಯಾಗುತ್ತದೆ.

ಕಾರಣ ತಿಳಿದ ಮೇಲೆ ಉಪಾಯ ಕಠಿಣವಲ್ಲ. ಹಲಗೆಯ ಮೇಲೆ ಆದಷ್ಟು ಕಣ್ಣಿನ ಮಟ್ಟದಲ್ಲಿ ಬರೆಯಬೇಕು. ತೋಳನ್ನು ದೂರ ಚಾಚುವ ಬದಲು ಒಂದು ಹೆಜ್ಜೆ ಸರಿಯಬೇಕು. ನಡುನಡುವೆ ಕೈಯಿಳಿಸಿ ಭುಜಗಳನ್ನು ಸಡಿಲಿಸಬೇಕು. ಸಾಲುಗಳ ನಡುವೆ ಅಡ್ಡಾಡುತ್ತ ಪಾಠ ಹೇಳುವುದು, ವಿದ್ಯಾರ್ಥಿಗಳು ಬರೆಯುವಾಗ ತಾವು ಕುಳಿತುಕೊಳ್ಳುವುದು ಹಿತಕರ. ತಿದ್ದುವ ಪುಸ್ತಕವನ್ನು ಇಳಿಜಾರಾದ ಹಲಗೆಯ ಮೇಲಿಟ್ಟು ಎತ್ತರಿಸಿಕೊಂಡರೆ ಕತ್ತು ಬಾಗುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಅಗತ್ಯ. ನಿತ್ಯದ ನಡಿಗೆ ಮತ್ತು ವ್ಯಾಯಾಮಗಳು ಬೆನ್ನಿನ ಹಾಗೂ ಕಾಲಿನ ಸ್ನಾಯುಗಳನ್ನು ಬಲಪಡಿಸುತ್ತವೆ. ನೋವು ವಾರಗಟ್ಟಲೆ ಉಳಿದರೆ, ಇಲ್ಲವೆ ಕೈಕಾಲುಗಳಲ್ಲಿ ಜೋಮು ಅಥವಾ ನಿಶ್ಶಕ್ತಿ ತೋರಿದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಆದರೆ ಇದೆಲ್ಲಕ್ಕೂ ಅಡ್ಡಿಯಾಗುವ ಒಂದು ಹಳೆಯ ಭಾವನೆಯುಂಟು. ಕುಳಿತು ಪಾಠ ಹೇಳುವವರು ಸೋಮಾರಿಗಳೆಂದೂ, ನೋವನ್ನು ಹೇಳಿಕೊಳ್ಳುವುದು ದುರ್ಬಲತೆಯೆಂದೂ ಕೆಲವರು ತಿಳಿಯುತ್ತಾರೆ. ಈ ಅಂಜಿಕೆಯಿಂದ ಮೌನವಾಗಿ ಸಹಿಸುತ್ತ ಬಂದವರಿಗೆ, ಒಂದು ದಿನ ಹಲಗೆಯತ್ತ ಕೈಯೆತ್ತುವುದೇ ಕಷ್ಟವಾಗಬಹುದು. ಅಲ್ಲಿಗೆ ನಷ್ಟ ಅವರೊಬ್ಬರದೇ ಅಲ್ಲ. ಅವರ ಅನುಭವದ ಪಾಠ ಕೇಳಬೇಕಾಗಿದ್ದ ಮಕ್ಕಳದೂ ಹೌದು. ಆದುದರಿಂದ ತಕ್ಕ ಎತ್ತರದ ಹಲಗೆ ಮತ್ತು ಬೆನ್ನಿಗೆ ಆಸರೆಯುಳ್ಳ ಕುರ್ಚಿಯನ್ನು ಒದಗಿಸುವುದು ಶಾಲೆಯ ಕರ್ತವ್ಯವೇ ಆಗಿದೆ.

ವಿದ್ಯಾರ್ಥಿಗಳೂ ಇದರಲ್ಲಿ ನೆರವಾಗಬಲ್ಲರು. ಪುಸ್ತಕಗಳ ಕಟ್ಟನ್ನು ಇಬ್ಬರು ಹಂಚಿಕೊಂಡು ತಂದರೆ, ಪಾಠಕ್ಕೆ ಮುಂಚೆಯೇ ಹಲಗೆಯನ್ನು ಒರೆಸಿಟ್ಟರೆ ಒಬ್ಬರ ಹೆಗಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಪುಸ್ತಕದ ಮೇಲೋ ಮೊಬೈಲಿನ ಮೇಲೋ ಗಂಟೆಗಟ್ಟಲೆ ಬಾಗಿ ಕೂರುವ ವಿದ್ಯಾರ್ಥಿಗಳ ಕತ್ತಿಗೂ ದೇಹದ ನಿಯಮ ಬೇರೆಯಲ್ಲ. ಗುರುವಿನ ನೋವಿನ ಕಾರಣವನ್ನು ಅರಿತವರು ತಮ್ಮ ದೇಹವನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಅರಿತಂತಾಗುತ್ತದೆ.