ಇಳುಕಲಿನಲ್ಲಿ ತಾನೇ ಹಿಡಿಯುವ ಬ್ರೇಕು

ಕುಳಗೇರಿ ಕ್ರಾಸಿನ ಸುತ್ತ ನೆಲ ಬಹುಮಟ್ಟಿಗೆ ಸಪಾಟು. ಎರಿ ಹೊಲದಿಂದ ರಸ್ತೆಗೆ ಬರುವಷ್ಟರಲ್ಲಿ ಚಕ್ಕಡಿಗೆ ಬ್ರೇಕಿನ ನೆನಪೇ ಬರುವುದಿಲ್ಲ. ಹಳ್ಳದ ದಂಡೆ ಇಳಿಯುವಾಗ, ಇಲ್ಲವೇ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಬಾದಾಮಿ ಕಡೆಯ ಗುಡ್ಡದ ರಸ್ತೆ ಹಿಡಿದಾಗ ನೆನಪಾಗುತ್ತದೆ.

ಮರದ ಗಾಲಿಯ ಕಾಲದಲ್ಲಿ ಇದು ಇಷ್ಟು ದೊಡ್ಡ ತೊಂದರೆ ಆಗಿರಲಿಲ್ಲ. ಕಚ್ಚಾ ದಾರಿ, ಕಬ್ಬಿಣದ ಹಳಿ, ಅಚ್ಚಿನ ತಿಕ್ಕಾಟ ಎಲ್ಲ ಸೇರಿ ಅರ್ಧ ಬ್ರೇಕಿನ ಕೆಲಸ ಮಾಡುತ್ತಿದ್ದವು. ಟೈರು, ಬೇರಿಂಗ್ ಬಂದ ಮೇಲೆ ಎಳೆಯುವುದು ಹಗುರಾಯಿತು, ಇಳಿಯುವುದು ಭಾರವಾಯಿತು. ಗಾಡಿ ಮುಂದೆ ನೂಕಿದಾಗ ನೊಗ ಹೆಗಲು ಬಿಟ್ಟು ಕೋಡಿನ ಬುಡಕ್ಕೆ ಬಂದು ಒತ್ತುತ್ತದೆ. ಎತ್ತು ತಲೆ ಎತ್ತಿ ಹಿಂದಕ್ಕೆ ಜಗ್ಗುತ್ತದೆ. ಕಾಲು ಜಾರಿತೋ, ಮುಗೀತು.

ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದಲೇ ಚಕ್ಕಡಿ ಸುಧಾರಣೆಗೆ ದುಡಿದವರು. ಹಗುರ ಗಾಡಿ, ಬೇರಿಂಗ್, ಹೆಗಲು ಕೆರೆಯದ ನೊಗದ ಜೊತೆಗೆ ಬ್ರೇಕೂ ಬೇಕೆಂದು ಹೇಳುತ್ತಿದ್ದರು. ನಮ್ಮ ಕಡೆ ಟೈರು ಬಂತು, ಬ್ರೇಕು ಹಗ್ಗದಲ್ಲೇ ಉಳಿಯಿತು. ಹಗ್ಗ ಜಗ್ಗುವವನು ಗಾಡಿಯ ಮೇಲೆ ಇರಬೇಕು, ಎಚ್ಚರ ಇರಬೇಕು.

ಲೆಕ್ಕ ಹಾಕಿ ನೋಡಿ. ಗಾಡಿ, ಹೇರು ಸೇರಿ 10 ಕ್ವಿಂಟಲ್. ಹತ್ತಡಿ ಹೋದರೆ ಒಂದಡಿ ಇಳಿಯುವ ದಾರಿ. ನೂಕುವ ಬಲ ಸುಮಾರು 100 ಕಿಲೋ. ಡಾಂಬರಿನ ಮೇಲೆ ಟೈರಿನ ತಿಕ್ಕಾಟಕ್ಕೆ 20 ಕಿಲೋ ಕಳೆಯಿರಿ. ಉಳಿದ 80 ಕಿಲೋ ಎರಡು ಎತ್ತುಗಳ ತಲೆಯ ಮೇಲೆ.

ಈ ನೂಕುವ ಬಲವನ್ನೇ ಬ್ರೇಕಿಗೆ ಹಚ್ಚಬಹುದು. ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟುವ ಗಾಡಿಗಳಿಗೆ ಇಂಥದೇ ಬ್ರೇಕು ಇದೆ. ಚಕ್ಕಡಿಯ ಈಸನ್ನು ಚೌಕಟ್ಟಿಗೆ ಬಿಗಿಯದೆ, ಗಟ್ಟಿ ಪೈಪಿನೊಳಗೆ ಮೂರು ಇಂಚು ಹಿಂದೆ ಮುಂದೆ ಸರಿಯುವಂತೆ ಕೂಡಿಸಬೇಕು. ಎತ್ತು ಎಳೆದಾಗ ಈಸು ಮುಂದೆ, ಬ್ರೇಕು ಸಡಿಲ. ಗಾಡಿ ನೂಕಿದಾಗ ಈಸು ಹಿಂದೆ ಸರಿದು ಸನ್ನೆಗೋಲನ್ನು ಒತ್ತುತ್ತದೆ, ಸನ್ನೆಗೋಲು ಅಡ್ಡಮರವನ್ನು ಎರಡೂ ಟೈರಿಗೆ ಒತ್ತುತ್ತದೆ. ಗೋಲಿನ ಉದ್ದದ ಪಾಲು 24 ಇಂಚು, ಗಿಡ್ಡ ಪಾಲು 3 ಇಂಚು ಇದ್ದರೆ ಬಲ ಎಂಟು ಪಟ್ಟು. ಒಣ ಮರ ಟೈರಿಗೆ ತಿಕ್ಕಿದಾಗ ಒತ್ತಿದ ಬಲದ ಅರ್ಧದಷ್ಟು ತಡೆ ಸಿಗುತ್ತದೆಂದು ಹಿಡಿಯಿರಿ. ಆಗ 80 ಕಿಲೋದಲ್ಲಿ 64 ಬ್ರೇಕಿಗೆ, 16 ಮಾತ್ರ ಎತ್ತಿಗೆ. ಮಳೆಗೆ ತೊಯ್ದು ತಿಕ್ಕಾಟ ಅರ್ಧಕ್ಕೆ ಇಳಿದರೂ ಎತ್ತಿಗೆ 27ರ ಹತ್ತಿರ.

ಇಲ್ಲೊಂದು ಸೂಕ್ಷ್ಮ ಇದೆ. ಎಂಟು ಪಟ್ಟು ಬಲ ಬೇಕೆಂದರೆ ಸರಿಯುವುದು ಎಂಟನೇ ಒಂದು ಪಾಲು. ಈಸು ಮೂರು ಇಂಚು ಸರಿದರೆ ಅಡ್ಡಮರ ಸರಿಯುವುದು ಅರ್ಧ ಇಂಚಿಗೂ ಕಡಿಮೆ. ಆದ್ದರಿಂದ ಮರ ಟೈರಿಗೆ ಕಾಲಿಂಚಿನೊಳಗೆ ಇರಬೇಕು, ಟೈರು ಓರೆ ತಿರುಗಬಾರದು. ಮರ ಸವೆದ ಹಾಗೆ ಬಿಗಿ ಮಾಡಲು ಉದ್ದ ಬೋಲ್ಟು ಇಡಿಸಿರಿ. ಇಲ್ಲದಿದ್ದರೆ ಎರಡು ತಿಂಗಳಿಗೆ, "ಏ, ಇದು ಹಿಡಿಯಾಂಗಿಲ್ಲೋ ಮಾರಾಯಾ" ಅಂತ ಬಿಚ್ಚಿ ಒಗೆಯುತ್ತೀರಿ. ಈಸಿನ ಹಿಂದೆ ಹಳೆ ಮೋಟರ್ ಸೈಕಲ್ಲಿನ ಸ್ಪ್ರಿಂಗ್ ಹಾಕಿದರೆ ಸಣ್ಣ ಗುಂಡಿಗೆಲ್ಲ ಬ್ರೇಕು ಕಚ್ಚುವುದಿಲ್ಲ.

ಹಿಂದಕ್ಕೆ ಗಾಡಿ ಸರಿಸುವಾಗ ಎತ್ತು ಈಸನ್ನು ಹಿಂದೆ ನೂಕುತ್ತದಲ್ಲ, ಆಗಲೂ ಬ್ರೇಕು ಹಿಡಿಯುತ್ತದೆ. ಅದಕ್ಕೆ ಪೈಪಿಗೂ ಈಸಿಗೂ ಒಂದು ತೂತು ಕೊರೆಸಿ ಕೀಲು ಹಾಕುವ ಹಾಗೆ ಮಾಡಿ. ಕೆಲಸ ಮುಗಿದ ಕೂಡಲೆ ಕೀಲು ತೆಗೆಯಬೇಕು, ಮರೆತರೆ ಬ್ರೇಕೇ ಇಲ್ಲದ ಗಾಡಿ. ಕೀಲಿಗೆ ಕೆಂಪು ಬಟ್ಟೆ ಕಟ್ಟಿ, ಕೂತಲ್ಲಿಂದ ಕಾಣಲಿ.

ಎತ್ತು ಬಿಚ್ಚಿದ ಗಾಡಿಗೆ ಈ ಬ್ರೇಕು ಏನೂ ಮಾಡುವುದಿಲ್ಲ. ನೂಕಿಸಿಕೊಳ್ಳುವವರು ಇಲ್ಲವಲ್ಲ! ಅಲ್ಲಿ ಬೇರೆ ಸೂತ್ರ ಬೇಕು: ಬಿಟ್ಟರೆ ಹಿಡಿಯಬೇಕು. ವೆಸ್ಟಿಂಗ್‌ಹೌಸ್ 1872ರಲ್ಲಿ ರೈಲಿಗೆ ತಂದದ್ದು ಇದನ್ನೇ. ಪೈಪಿನ ಗಾಳಿ ಸೋರಿದರೆ ಬ್ರೇಕು ತಾನೇ ಹಿಡಿಯುತ್ತದೆ. ಇವತ್ತು ಗೋದಾಮಿನಲ್ಲಿ ಮನುಷ್ಯನಿಲ್ಲದೆ ಓಡುವ ಎಷ್ಟೋ ರೋಬೋಟ್ ಗಾಡಿಗಳಲ್ಲೂ ಸ್ಪ್ರಿಂಗು ಬ್ರೇಕನ್ನು ಹಿಡಿದೇ ಇರುತ್ತದೆ, ಕರೆಂಟು ಇದ್ದಾಗ ಮಾತ್ರ ಬಿಡುತ್ತದೆ.

ನಮಗೆ ಇದು ಉಳ್ಳಾಗಡ್ಡಿ ಚೀಲ ನೂಕುವ ಕೈಗಾಡಿಗೆ ಸರಿಹೊಂದುತ್ತದೆ. ಲಾರಿಗೆ ಹೇರುವ ಇಳಿಜಾರಿನಲ್ಲಿ ಕೈ ತಪ್ಪಿದರೆ ಕೆಳಗಿದ್ದವನ ಕಾಲು ಹೋಗುತ್ತದೆ. ಮರದ ತುಂಡನ್ನು ಗಟ್ಟಿ ಸ್ಪ್ರಿಂಗಿನಿಂದ ಗಾಲಿಗೆ ಒತ್ತಿ ಇಡಿಸಿ, ಅದನ್ನು ಬಿಡಿಸಲು ಸೈಕಲ್ ಬ್ರೇಕಿನ ತಂತಿ, ಹಿಡಿಕೆ ಸಾಕು. ಹಿಡಿಕೆ ಅದುಮಿದಾಗ ಗಾಡಿ ಹೋಗುತ್ತದೆ, ಕೈ ಬಿಟ್ಟರೆ, ತಂತಿ ಹರಿದರೂ, ನಿಲ್ಲುತ್ತದೆ. ಕೂಲಿಯವರು ಬೆರಳು ನೋಯುತ್ತದೆಂದು ಹಿಡಿಕೆಗೆ ಸುತಳಿ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದರೆ ಮಾಡಿಸಿದ್ದೇ ದಂಡ. ಸ್ಪ್ರಿಂಗ್ ಕೊಳ್ಳುವಾಗಲೇ, ದಿನವಿಡೀ ಅದುಮುವವರ ಕೈಯಲ್ಲಿ ಕೊಟ್ಟು ಅದುಮಿಸಿ ನೋಡಿ ತನ್ನಿ.